ಮುಕ್ತ ತಂತ್ರಾಂಶಕ್ಕೆ ನೀರುಗಂಟಿ ಯಾರು?

ಡಿಟಿಪಿ ಅಂಗಡಿಯವರು, ದಾವಣಗೆರೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಹಕಾರ ಸಂಘಗಳ ವಾರ್ಷಿಕ ವರದಿ, ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಕರಪತ್ರ, ಅಪರೂಪಕ್ಕೊಮ್ಮೆ ನಿವೃತ್ತ ಮೇಷ್ಟ್ರೊಬ್ಬರ ಕವನ ಸಂಕಲನ, ಇವಿಷ್ಟು ನನ್ನ ಕೆಲಸ. ಇಷ್ಟನ್ನೂ ಒಂದೇ ಹಳೆಯ ಪುಟವಿನ್ಯಾಸ ತಂತ್ರಾಂಶದಲ್ಲಿ ಮಾಡುತ್ತ ಬಂದೆ. ಅದನ್ನು ತಯಾರಿಸಿದವರು ಹೊಸ ಆವೃತ್ತಿ ತರುವುದನ್ನು ನಿಲ್ಲಿಸಿ ಎರಡು ದಶಕಗಳು ಕಳೆದಿದ್ದರೂ, ಹಳೆಯ ಗಣಕ ಇರುವವರೆಗೆ ನನಗೆ ಅದರ ಬಿಸಿ ತಟ್ಟಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಆ ಗಣಕದ ಮದರ್‌ಬೋರ್ಡು ಸುಟ್ಟುಹೋಯಿತು. ಹೊಸ ಗಣಕದಲ್ಲಿ ಆ ತಂತ್ರಾಂಶ ಕೂರಲೊಲ್ಲದು. ಹಳೆಯ ಕಡತಗಳನ್ನು ಬೇರೊಂದರಲ್ಲಿ ಹೇಗೋ ತೆರೆದರೂ, ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತಪದ್ಧತಿಯಾದ ಯೂನಿಕೋಡ್‌ಗಿಂತ ಹಿಂದಿನ ಫಾಂಟಿನ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಸಂಘವೊಂದರವರು 2009ರ ವರದಿಯ ಪ್ರತಿಯನ್ನು ಮತ್ತೆ ಕೇಳಿದಾಗ, ಮುದ್ರಿತ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ತೊಂಬತ್ತಾರು ಪುಟಗಳನ್ನು ಕೈಯಿಂದಲೇ ಮತ್ತೆ ಟೈಪ್ ಮಾಡಿದೆ.

ಪುಟವಿನ್ಯಾಸದ ಸ್ಕ್ರೈಬಸ್, ಕಚೇರಿ ಕೆಲಸದ ಲಿಬ್ರೆಆಫೀಸ್‌ನಂಥ ಮುಕ್ತ ತಂತ್ರಾಂಶಗಳಿಗೆ ಬದಲಾಯಿಸಿಕೊಳ್ಳಿ ಎಂದು ನನ್ನ ಅಕ್ಕನ ಮಗ ಹೇಳುತ್ತಿದ್ದಾನೆ. ಅವು ಬಿಟ್ಟಿಯಾಗಿ ಸಿಗುತ್ತವೆ ಎಂಬುದು ನನಗೆ ದೊಡ್ಡ ವಿಷಯವಲ್ಲ. ಒಡೆಯನಿದ್ದ ತಂತ್ರಾಂಶವನ್ನು ಒಡೆಯನೇ ಕೈಬಿಟ್ಟ ಮೇಲೆ ನನ್ನ ಗತಿ ಹೀಗಾಯಿತು; ಒಡೆಯನೇ ಇಲ್ಲದ ತಂತ್ರಾಂಶವನ್ನು ಯಾವ ಧೈರ್ಯದಿಂದ ನಂಬಲಿ? ಹತ್ತು ವರ್ಷದ ನಂತರವೂ ಅದು ಇರುತ್ತದೆಯೋ ಇಲ್ಲವೋ ಎಂಬುದನ್ನು ಏನನ್ನು ನೋಡಿ ಅಂದಾಜು ಮಾಡಬೇಕು? ತಿಳಿದವರು ದಯವಿಟ್ಟು ಹೇಳಿ.

ಗಣಕ ವಿಜ್ಞಾನ ಉಪನ್ಯಾಸಕಿ, ದಾವಣಗೆರೆ

ಸರ್, ನಿಮ್ಮ ಪ್ರಶ್ನೆಯಲ್ಲಿ ಎರಡು ಸಂಗತಿಗಳು ಹೆಣೆದುಕೊಂಡಿವೆ. ತಂತ್ರಾಂಶದ ಆಕರ ಸಂಕೇತ, ಅಂದರೆ ಸೋರ್ಸ್ ಕೋಡ್, ಎಲ್ಲರಿಗೂ ತೆರೆದಿರುವುದು ಒಂದು; ಅದನ್ನು ನೋಡಿಕೊಳ್ಳುವ ಜನ ಇರುವುದು ಇನ್ನೊಂದು. ಮೊದಲನೆಯದು ಪರವಾನಗಿಯ ವಿಷಯ, ಒಮ್ಮೆ ಬರೆದುಕೊಟ್ಟರೆ ಮುಗಿಯಿತು. ಎರಡನೆಯದು ಪ್ರತಿದಿನ ನಡೆಯಬೇಕಾದ ಕೆಲಸ. ಪರವಾನಗಿ ನಮಗೆ ದುರಸ್ತಿ ಮಾಡುವ ಹಕ್ಕು ಕೊಡುತ್ತದೆಯೇ ಹೊರತು ದುರಸ್ತಿ ಮಾಡುವವರನ್ನು ಕೊಡುವುದಿಲ್ಲ.

ಇದನ್ನು ನಾನು ತರಗತಿಯಲ್ಲಿ ವಿವರಿಸುವುದು ಓಪನ್‌ಆಫೀಸಿನ ಕಥೆಯಿಂದ. ಜರ್ಮನಿಯ ಸ್ಟಾರ್‌ಡಿವಿಷನ್ ಕಂಪನಿಯನ್ನು ಸನ್ ಮೈಕ್ರೊಸಿಸ್ಟಮ್ಸ್ 1999ರಲ್ಲಿ ಕೊಂಡು, ಮರುವರ್ಷ ಅದರ ಕಚೇರಿ ತಂತ್ರಾಂಶದ ಆಕರವನ್ನು ತೆರೆದಿಟ್ಟಿತು. 2010ರ ಜನವರಿಯಲ್ಲಿ ಸನ್ ಕಂಪನಿಯೇ ಒರಾಕಲ್‌ನ ಪಾಲಾಯಿತು. ಹೊಸ ಒಡೆಯರ ಕೈಯಲ್ಲಿ ಕೆಲಸ ಎತ್ತ ಸಾಗುತ್ತದೋ ಎಂಬ ಅನುಮಾನದಿಂದ, ಅಲ್ಲಿ ದುಡಿಯುತ್ತಿದ್ದ ಸ್ವಯಂಸೇವಕರು ಮತ್ತು ಕೆಲವು ಕಂಪನಿಗಳ ಎಂಜಿನಿಯರುಗಳು ಅದೇ ವರ್ಷದ ಸೆಪ್ಟೆಂಬರ್ 28ರಂದು ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆಯನ್ನು ಘೋಷಿಸಿ, ಅದೇ ಆಕರದಿಂದ ಲಿಬ್ರೆಆಫೀಸ್ ಎಂಬ ಕವಲನ್ನು ಹೊರಡಿಸಿದರು. ಓಪನ್‌ಆಫೀಸ್ ಎಂಬ ಹೆಸರು ಒರಾಕಲ್ ಬಳಿಯೇ ಉಳಿಯಿತು. 2011ರಲ್ಲಿ ಅದು ಮುಕ್ತ ತಂತ್ರಾಂಶಗಳನ್ನು ಪೋಷಿಸುವ ಅಪಾಚೆ ಪ್ರತಿಷ್ಠಾನಕ್ಕೆ ಹೋಯಿತು.

ಇಲ್ಲಿ ಗಮನಿಸಬೇಕಾದದ್ದು ಏನೆಂದರೆ ಎರಡೂ ಕವಲುಗಳ ಬೇರು ಒಂದೇ, ಎರಡೂ ಮುಕ್ತ, ಹೆಸರಿನ ಬಲವಂತೂ ಓಪನ್‌ಆಫೀಸಿಗೇ ಹೆಚ್ಚು. ಆದರೆ ಕೋಡ್ ಬರೆಯುವವರು, ದೋಷ ಹುಡುಕುವವರು, ಅನುವಾದಕರಲ್ಲಿ ಬಹುಪಾಲು ಜನ ಲಿಬ್ರೆಆಫೀಸಿನ ಕಡೆಗೆ ನಡೆದಿದ್ದರು. ಓಪನ್‌ಆಫೀಸ್ 2014ರಲ್ಲಿ 4.1 ಆವೃತ್ತಿಯನ್ನು ತಂದಿತು. ಅಲ್ಲಿಂದೀಚೆಗೆ ಬಂದವೆಲ್ಲ ಆ 4.1ರ ಬಾಲಕ್ಕೆ ಇನ್ನೊಂದು ಅಂಕಿ ಸೇರಿಸಿದ ತೇಪೆಗಳು. ಲಿಬ್ರೆಆಫೀಸ್ ವರ್ಷಕ್ಕೆ ಎರಡು ಸಲ ಹೊಸ ಆವೃತ್ತಿ ತರುತ್ತಿದೆ. ಹಾಗಾಗಿ, ಒಡೆಯನಿಲ್ಲದ್ದು ಉಳಿಯುತ್ತದೆಯೇ ಎಂದು ನೀವು ಕೇಳಿದ್ದಕ್ಕೆ ನನ್ನ ಉತ್ತರ: ಇಲ್ಲಿ ಒಡೆತನ ಒಂದು ಕಡೆ ಹೋಯಿತು, ಜನ ಇನ್ನೊಂದು ಕಡೆ ಹೋದರು, ಜೀವ ಜನರ ಹಿಂದೆ ಹೋಯಿತು.

ಬ್ಲೆಂಡರಿನದು ಇದಕ್ಕಿಂತ ಚಿಕ್ಕ ಕಥೆ. ಮೂರು ಆಯಾಮದ ಚಿತ್ರಗಳನ್ನು ಮಾಡುವ ಈ ತಂತ್ರಾಂಶವನ್ನು ನಡೆಸುತ್ತಿದ್ದ ಡಚ್ ಕಂಪನಿ 2002ರಲ್ಲಿ ಮುಚ್ಚಿತು. ಹೂಡಿಕೆದಾರರು ಒಂದು ಲಕ್ಷ ಯೂರೊ ಕೊಟ್ಟರೆ ಆಕರವನ್ನು ಬಿಟ್ಟುಕೊಡಲು ಒಪ್ಪಿದರು. ಬಳಕೆದಾರರು ಏಳೇ ವಾರಗಳಲ್ಲಿ ಆ ಹಣವನ್ನು ಒಟ್ಟುಮಾಡಿದರು. ಅಕ್ಟೋಬರ್ 13ರಂದು ಆಕರ ಮುಕ್ತವಾಯಿತು. ನಿಮ್ಮ ಹಳೆಯ ಪುಟವಿನ್ಯಾಸ ತಂತ್ರಾಂಶಕ್ಕೂ ಬಳಕೆದಾರರಿದ್ದರು, ಆದರೆ ಅವರೆಲ್ಲ ಬಿಡಿಬಿಡಿ ಗಿರಾಕಿಗಳಾಗಿದ್ದರು, ಒಬ್ಬರನ್ನೊಬ್ಬರು ಬಲ್ಲ ಗುಂಪಾಗಿರಲಿಲ್ಲ.

ಗ್ರಂಥಪಾಲಕ, ಚಿತ್ರದುರ್ಗ

ಮೇಡಂ ಹೇಳಿದ್ದನ್ನು ನಾನು ಸ್ವತಃ ಕಂಡಿದ್ದೇನೆ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ, ಎರವಲು ಲೆಕ್ಕ ನೋಡಿಕೊಳ್ಳುವ ಕೋಹಾ ಎಂಬ ಮುಕ್ತ ತಂತ್ರಾಂಶವನ್ನು ಬಳಸುತ್ತೇವೆ. ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಕಡೆಯ ಸಾರ್ವಜನಿಕ ಗ್ರಂಥಾಲಯದವರು, ತಮ್ಮ ಹಳೆಯ ವ್ಯವಸ್ಥೆ 2000ನೇ ಇಸವಿಯ ದಿನಾಂಕವನ್ನು ಅರಗಿಸಿಕೊಳ್ಳಲಾರದೆಂಬ ಭಯದಿಂದ, ಸ್ಥಳೀಯ ಪುಟ್ಟ ಕಂಪನಿಯೊಂದರಿಂದ ಬರೆಸಿ ಆ ವರ್ಷದ ಜನವರಿಯಿಂದಲೇ ಬಳಸತೊಡಗಿದ ತಂತ್ರಾಂಶ ಇದು. ಕೋಹಾ ಎಂಬುದು ಮಾವೊರಿ ಭಾಷೆಯ ಪದ. ಉಡುಗೊರೆ ಎಂದು ಅರ್ಥ ಹೇಳುತ್ತಾರೆ. ಆದರೆ ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ತಿರುಗಿ ಕೊಡಬೇಕೆಂಬ ಭಾವ ಅದರೊಳಗಿದೆ. ನಮ್ಮ ಮದುವೆ ಮನೆಯ ಮುಯ್ಯಿ ಎಂದರೆ ಹೆಚ್ಚು ಸರಿಹೋದೀತು.

ಕೆಲವು ವರ್ಷಗಳ ನಂತರ ಅಮೆರಿಕದ ಕಂಪನಿಯೊಂದು ತನ್ನದೇ ಬೇರೆ ಕೋಹಾ ಕವಲನ್ನು ನಡೆಸತೊಡಗಿತು. ಹಳೆಯ ಜಾಲತಾಣ ಅದರ ಹಿಡಿತದಲ್ಲಿತ್ತು. ಸಮುದಾಯದವರು ಹೊಸ ಜಾಲತಾಣ ಕಟ್ಟಿಕೊಂಡು ಅಲ್ಲಿಗೆ ಸಾಗಿದರು. 2011ರಲ್ಲಿ ಕೋಹಾ ಎಂಬ ಹೆಸರಿನ ವ್ಯಾಪಾರಮುದ್ರೆಯೇ ಆ ಕಂಪನಿಗೆ ಸೇರುವ ಹಂತ ಬಂದಾಗ, ಮೂಲ ಗ್ರಂಥಾಲಯದವರು ಕಾನೂನು ಹೋರಾಟಕ್ಕಾಗಿ ಜಗತ್ತಿನ ಮುಂದೆ ಕೈಚಾಚಿದರು, ಜಗತ್ತಿನ ಗ್ರಂಥಪಾಲಕರು ಬೆನ್ನಿಗೆ ನಿಂತರು. ಇವತ್ತು ನಾವು ಬಳಸುತ್ತಿರುವುದು ಸಮುದಾಯದ ಕೋಹಾವನ್ನು. ಮೇ ಮತ್ತು ನವೆಂಬರಿನಲ್ಲಿ ಹೊಸ ಆವೃತ್ತಿ ಬರುತ್ತದೆ, ಪಂಚಾಂಗ ನೋಡಿದಷ್ಟು ಖಚಿತವಾಗಿ.

ಇನ್ನು ನಮ್ಮ ಕಥೆ. ಇದನ್ನು ಅಳವಡಿಸಿಕೊಟ್ಟ ಸಂಸ್ಥೆಯವರು ಎರಡನೇ ವರ್ಷಕ್ಕೆ ದೂರವಾಣಿ ಎತ್ತುವುದನ್ನೇ ನಿಲ್ಲಿಸಿದರು. ಪರೀಕ್ಷೆಗೆ ನಾಲ್ಕು ದಿನವಿರುವಾಗ ಪುಸ್ತಕ ಹಿಂತಿರುಗಿಸುವ ಪರದೆ ಕೆಲಸ ಮಾಡಲಿಲ್ಲ. ರಾತ್ರಿ ಹತ್ತಕ್ಕೆ ಬಳಕೆದಾರರ ಗುಂಪಿಗೆ ಕಾಗದ ಬರೆದೆ. ಬೆಳಿಗ್ಗೆ ನೋಡಿದರೆ ಇಬ್ಬರು ಉತ್ತರ ಬರೆದಿದ್ದರು, ಒಬ್ಬರು ಕೇರಳದವರು, ಇನ್ನೊಬ್ಬರು ಯಾವ ದೇಶದವರೋ ನನಗೆ ಇಂದಿಗೂ ಗೊತ್ತಿಲ್ಲ. ಒಂದು ತಪ್ಪೊಪ್ಪಿಗೆಯನ್ನೂ ಇಲ್ಲೇ ಮಾಡಿಬಿಡುತ್ತೇನೆ: ಏಳು ವರ್ಷಗಳಲ್ಲಿ ನಾನು ಅಲ್ಲಿ ಕೇಳಿದ ಪ್ರಶ್ನೆಗಳು ನಲವತ್ತಕ್ಕೂ ಹೆಚ್ಚು, ಬೇರೆಯವರ ಪ್ರಶ್ನೆಗೆ ಉತ್ತರಿಸಿದ್ದು ಮೂರು. ಮುಯ್ಯಿ ತೀರಿಲ್ಲ.

ಲೆಕ್ಕಪತ್ರ ಬರೆಯುವವರು, ಹಿರಿಯೂರು

ಎಲ್ಲರೂ ಸಮುದಾಯವನ್ನು ಹೊಗಳುತ್ತಿದ್ದೀರಿ. ನಾನು ಸ್ವಲ್ಪ ಅಪಸ್ವರ ಎತ್ತುತ್ತೇನೆ, ಕ್ಷಮೆ ಇರಲಿ. ನಮ್ಮಲ್ಲಿ ಒಂದು ಗಾದೆಯಿದೆ: ಹತ್ತು ಜನರ ಹುಲ್ಲುಕಡ್ಡಿ, ಒಬ್ಬನ ತಲೆಹೊರೆ. ಮುಕ್ತ ತಂತ್ರಾಂಶದ ಲೋಕದಲ್ಲಿ ಹತ್ತು ಜನ ಹುಲ್ಲುಕಡ್ಡಿಯನ್ನೂ ಎತ್ತದೆ, ಹೊರೆ ಹೊತ್ತವನಿಗೆ ಚಪ್ಪಾಳೆ ತಟ್ಟುವುದೇ ಹೆಚ್ಚು ಎಂದು ನನ್ನ ಅನುಮಾನ.

ಅಂತರಜಾಲದ ಬಹುಪಾಲು ಸರ್ವರುಗಳ ಗುಟ್ಟು ಕಾಯುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ 2014ರ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾಯಿತು. ದೋಷವಿದ್ದ ಆವೃತ್ತಿ ಬಿಡುಗಡೆಯಾಗಿದ್ದು 2012ರ ಮಾರ್ಚಿನಲ್ಲಿ. ಆಕರ ತೆರೆದಿದೆ, ಸಾವಿರ ಕಣ್ಣುಗಳು ನೋಡುತ್ತಿವೆ ಎಂದು ಎಲ್ಲರೂ ನಂಬಿಕೊಂಡಿದ್ದ ಆ ಎರಡು ವರ್ಷಗಳಲ್ಲಿ, ಪೂರ್ಣಾವಧಿ ನೋಡುತ್ತಿದ್ದವರು ಒಬ್ಬರೇ. ಸಂಸ್ಥೆಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರು. ಬ್ಯಾಂಕುಗಳೆಲ್ಲ ಅದರ ಮೇಲೆ ಕುಳಿತಿದ್ದವು. ಪತ್ರಗಳನ್ನು ಗೂಢಲಿಪಿಗಿಳಿಸುವ ಗ್ನೂಪಿಜಿ ತಂತ್ರಾಂಶವನ್ನು 1997ರಿಂದ ನಡೆಸಿಕೊಂಡು ಬಂದ ಜರ್ಮನಿಯ ವರ್ನರ್ ಕೋಕ್ ಅವರ ಕೈ ಬರಿದಾಗಿರುವ ಸುದ್ದಿ 2015ರ ಫೆಬ್ರವರಿಯಲ್ಲಿ ಪತ್ರಿಕೆಯಲ್ಲಿ ಬಂದ ಮೇಲೆಯೇ ಹಣ ಹರಿದದ್ದು.

ಇದಕ್ಕೆ ಎದುರಾಗಿ, ಮಾಹಿತಿಯನ್ನು ಜೋಡಿಸಿಡುವ ಎಸ್‌ಕ್ಯೂಲೈಟ್ ಅನ್ನು ನೋಡಿ. ನಿಮ್ಮೆಲ್ಲರ ಮೊಬೈಲಿನೊಳಗೂ ಅದು ಇದೆ. 2000ದಿಂದ ನಡೆದುಬಂದಿರುವ ಇದನ್ನು ಬರೆಯುವವರು ಬೆರಳೆಣಿಕೆಯಷ್ಟು ಜನ, ಹೊರಗಿನವರ ತಿದ್ದುಪಡಿಗಳನ್ನು ಅವರು ಸಾಮಾನ್ಯವಾಗಿ ತೆಗೆದುಕೊಳ್ಳುವುದೇ ಇಲ್ಲ. ಬಳಸುವ ಕಂಪನಿಗಳಿಂದ ಒಕ್ಕೂಟದ ಮೂಲಕ ಹಣ ಪಡೆಯುತ್ತಾರೆ, 2050ರವರೆಗೆ ನೋಡಿಕೊಳ್ಳುವ ಉದ್ದೇಶವಿದೆ ಎಂದು ಹೇಳಿಕೊಂಡಿದ್ದಾರೆ. ಅಲ್ಲಿ ಸಮುದಾಯದ ಗದ್ದಲವಿಲ್ಲ, ಆದರೆ ತಂತ್ರಾಂಶ ಕಲ್ಲಿನಂತೆ ನಿಂತಿದೆ. ಹೀಗಿರುವಾಗ ತಂತ್ರಾಂಶವನ್ನು ಉಳಿಸುವುದು ಸಮುದಾಯವೋ, ಸಂಬಳವೋ?

ಪ್ರೋಗ್ರಾಮರ್, ಊರು ಹರಿಹರ, ಕೆಲಸ ಬೆಂಗಳೂರು

ಹಿರಿಯೂರಿನ ಸರ್ ಅವರ ಮಾತು ಚುರುಕಾಗಿದೆ. ಅರ್ಧಕ್ಕಿಂತ ಹೆಚ್ಚು ಒಪ್ಪುತ್ತೇನೆ. ಎಸ್‌ಕ್ಯೂಲೈಟ್‌ನವರಿಗೆ ಹೊರಗಿನ ಕೋಡ್ ಬೇಡ, ಆದರೆ ಹೊರಗಿನವರ ದೋಷವರದಿ ಬೇಕು, ಅದಕ್ಕೆ ಅವರು ಉತ್ತರವನ್ನೂ ಕೊಡುತ್ತಾರೆ. ಹಾಗಾಗಿ ಸಮುದಾಯವೆಂದರೆ ಕೋಡ್ ಬರೆಯುವವರ ಸಂತೆ ಎಂಬ ಅರ್ಥವನ್ನು ಮೊದಲು ಬಿಡೋಣ.

ನಮ್ಮ ಕಸುಬಿನಲ್ಲಿ ‘ಲಾರಿ ಲೆಕ್ಕ’ ಎಂದು ಕರೆಯಬಹುದಾದ ಒಂದು ಅಳತೆಯಿದೆ. ಎಷ್ಟು ಜನರಿಗೆ ಲಾರಿ ಬಡಿದರೆ ಯೋಜನೆ ನಿಂತುಹೋಗುತ್ತದೆ ಎಂಬುದೇ ಆ ಸಂಖ್ಯೆ. ಪುಣೆ–ಬೆಂಗಳೂರು ಹೆದ್ದಾರಿಯ ಬದಿಯಲ್ಲಿ ಬೆಳೆದ ನಮಗೆ ಈ ಹೋಲಿಕೆ ಅಷ್ಟು ನಗು ತರಿಸುವುದಿಲ್ಲ, ಇರಲಿ. ಬ್ರೆಜಿಲ್‌ನ ಸಂಶೋಧಕರು ಜನಪ್ರಿಯವಾದ 133 ಮುಕ್ತ ಯೋಜನೆಗಳನ್ನು ಹೀಗೆ ಅಳೆದಾಗ, ಶೇ 65ರಷ್ಟರಲ್ಲಿ ಆ ಸಂಖ್ಯೆ ಎರಡು ಅಥವಾ ಒಂದು ಎಂದು ಕಂಡುಬಂತು. ಸಾವಿರಾರು ಜನ ಬಳಸುವ ವಸ್ತು ಇಬ್ಬರ ಹೆಗಲ ಮೇಲಿದೆ ಎಂದಾಯಿತು.

ಒಬ್ಬನ ಹೆಗಲ ಮೇಲಿದ್ದರೆ ಏನಾಗುತ್ತದೆ ಎಂಬುದು 2024ರಲ್ಲಿ ಕಂಡಿತು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಉಪಕರಣ ಬಹುತೇಕ ಎಲ್ಲ ಲಿನಕ್ಸ್‌ಗಳಲ್ಲೂ ಇದೆ. ಅದನ್ನು ಲಾಸ್ಸೆ ಕಾಲಿನ್ ಎಂಬವರು ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ, ಒಬ್ಬರೇ ನೋಡಿಕೊಳ್ಳುತ್ತಿದ್ದರು. 2021ರ ಸುಮಾರಿಗೆ ಜಿಯಾ ಟ್ಯಾನ್ ಎಂಬ ಹೆಸರಿನ ಖಾತೆಯಿಂದ ಸಹಾಯ ಬರತೊಡಗಿತು, ಒಳ್ಳೆಯ ಸಹಾಯವೇ. ಮರುವರ್ಷ ಗುರುತಿಲ್ಲದ ಕೆಲವರು ಬಂದು, ಕೆಲಸ ನಿಧಾನವಾಗಿದೆ, ಜವಾಬ್ದಾರಿಯನ್ನು ಬೇರೆಯವರಿಗೆ ವಹಿಸಿ ಎಂದು ಅವರನ್ನು ಒತ್ತಾಯಿಸಿದರು. ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಅವರು ಬರೆದರು. ಕೊನೆಗೆ ಬೀಗದ ಕೈಯಲ್ಲಿ ಪಾಲು ಜಿಯಾ ಟ್ಯಾನ್‌ಗೆ ಸಿಕ್ಕಿತು. 2024ರ ಆರಂಭದಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಕಳ್ಳಬಾಗಿಲೊಂದು ಅಡಗಿತ್ತು. ಅದನ್ನು ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ, ದತ್ತಾಂಶ ನಿರ್ವಹಣೆಯ ತಂತ್ರಾಂಶವಾದ ಪೋಸ್ಟ್‌ಗ್ರೆಸ್ ಡೆವಲಪರ್. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂಬ ಸಣ್ಣ ಅನುಮಾನವನ್ನು ಬೆನ್ನುಹತ್ತಿ ಹೋಗಿ, ಮಾರ್ಚ್ 29ರಂದು ಅವರು ಅದನ್ನು ಎಲ್ಲರಿಗೂ ತಿಳಿಸಿದರು. ಬಹುಪಾಲು ಸರ್ವರುಗಳು ಬಳಸುವ ಸ್ಥಿರ ಆವೃತ್ತಿಗಳಿಗೆ ಅದು ಇನ್ನೂ ತಲುಪಿರಲಿಲ್ಲ.

ಈ ಕಥೆಯಲ್ಲಿ ಗುಂಪಿನ ಎರಡೂ ಮುಖಗಳಿವೆ. ಬರೀ ಕೇಳುವವರ ಗುಂಪು, ಅದು ನಕಲಿಯೇ ಆಗಿರಲಿ, ಒಬ್ಬ ಮನುಷ್ಯನನ್ನು ದಣಿಸಿ ಬಾಗಿಲು ತೆರೆಸಿತು. ತನ್ನ ಕೆಲಸವಲ್ಲದಿದ್ದರೂ ಕಣ್ಣಿಟ್ಟು ನೋಡಿದ ಇನ್ನೊಬ್ಬರು ಆ ಬಾಗಿಲು ಮುಚ್ಚಿಸಿದರು. ನಮ್ಮ ತಾತ ಊರ ಕೆರೆಗೆ ನೀರುಗಂಟಿಯಾಗಿದ್ದರು. ತೂಬು ತೆಗೆಯುವುದು, ಮುಚ್ಚುವುದು, ಕೊನೆಯ ಗದ್ದೆಗೂ ನೀರು ಮುಟ್ಟಿಸುವುದು ಅವರೊಬ್ಬರ ಹೊಣೆ. ಅವರು ಜ್ವರ ಬಂದು ಮಲಗಿದ ವರ್ಷ ಊರೇ ಜಗಳಕ್ಕೆ ಬಿದ್ದಿತ್ತಂತೆ. ಮುಕ್ತ ತಂತ್ರಾಂಶಗಳ ಕಥೆಯೂ ಅಷ್ಟೆ: ಕೆರೆ ಎಲ್ಲರದು, ನೀರುಗಂಟಿ ಒಬ್ಬನೇ.

ಅಡಿಕೆ ಬೆಳೆಗಾರರು, ಚನ್ನಗಿರಿ ತಾಲ್ಲೂಕು

ನನಗೆ ಗಣಕದ ವಿಷಯ ತಿಳಿಯದು. ಮಗ ಓದಿ ಹೇಳುತ್ತಿದ್ದಾನೆ, ಅವನ ಕೈಯಿಂದಲೇ ಬರೆಸುತ್ತಿದ್ದೇನೆ. ಆದರೆ ಕೆರೆಯ ವಿಷಯ ತಿಳಿದಿರುವುದರಿಂದ ಹರಿಹರದವರ ಮಾತನ್ನು ಸ್ವಲ್ಪ ತಿದ್ದಬೇಕು. ನೀರುಗಂಟಿ ಒಬ್ಬನೇ ಇದ್ದದ್ದು ನಿಜ, ಆದರೆ ಅವನು ಬಿಟ್ಟಿ ದುಡಿಯುತ್ತಿರಲಿಲ್ಲ. ಸುಗ್ಗಿಯಲ್ಲಿ ಪ್ರತಿಯೊಂದು ಕಣದಿಂದಲೂ ಅವನಿಗೆ ಆಯ ಸಲ್ಲುತ್ತಿತ್ತು. ಇನ್ನು ಕಾಲುವೆಯ ಹೂಳು ತೆಗೆಯುವುದು ಅವನ ಕೆಲಸವೇ ಅಲ್ಲ. ಮಳೆಗಾಲಕ್ಕೆ ಮೊದಲು ಮನೆಗೊಂದು ಆಳು ಗುದ್ದಲಿ ಹಿಡಿದು ಬರಬೇಕಿತ್ತು.

ಕೆರೆಗಳು ಹಾಳಾದದ್ದು ನೀರುಗಂಟಿ ಸತ್ತದ್ದರಿಂದಲ್ಲ. ಒಬ್ಬೊಬ್ಬರೂ ತಮ್ಮ ತೋಟದಲ್ಲಿ ಬೋರ್‌ವೆಲ್ ಕೊರೆಸಿಕೊಂಡರು. ಕೆರೆಯ ಕಡೆ ಹೋಗುವ ಕಾಲುಗಳು ನಿಂತವು. ನಾನೂ ಕೊರೆಸಿದವನೇ.

ಲೆಕ್ಕಪತ್ರ ಬರೆಯುವವರು, ಹಿರಿಯೂರು

ಹಿರಿಯರ ಬೋರ್‌ವೆಲ್ ಮಾತು ನನ್ನ ವಾದವನ್ನೇ ತಿದ್ದಿತು. ದೊಡ್ಡ ಕಂಪನಿಗಳು ಮುಕ್ತ ತಂತ್ರಾಂಶವನ್ನು ಒಯ್ದು, ತಮಗೆ ಬೇಕಾದ ರಿಪೇರಿಯನ್ನು ತಮ್ಮ ಕಾಂಪೌಂಡಿನೊಳಗೇ ಮಾಡಿಕೊಂಡು, ಮೂಲಕ್ಕೆ ಹಿಂತಿರುಗಿಸದೆ ಇರುವುದು ಹೀಗೆಯೇ. ಆದರೆ ಅಲ್ಲಿ ಒಂದು ತಮಾಷೆಯಿದೆ: ಮೂಲ ತಂತ್ರಾಂಶದ ಹೊಸ ಆವೃತ್ತಿ ಬಂದಾಗಲೆಲ್ಲ ಅವರು ತಮ್ಮ ತೇಪೆಯನ್ನು ಮತ್ತೆ ಹೊಲಿಯಬೇಕಾಗುತ್ತದೆ, ವರ್ಷ ಕಳೆದಷ್ಟೂ ಹೊಲಿಗೆ ಕಷ್ಟವಾಗುತ್ತದೆ. ಹಿಂತಿರುಗಿಸುವುದು ಪುಣ್ಯದ ಕೆಲಸವಲ್ಲ, ಖರ್ಚು ಉಳಿಸುವ ಕೆಲಸ. ಸಂಬಳವೋ ಸಮುದಾಯವೋ ಎಂದು ನಾನು ಕೇಳಿದ್ದು ತಪ್ಪು ಪ್ರಶ್ನೆ. ಆಯವೂ ಬೇಕು, ಗುದ್ದಲಿಯೂ ಬೇಕು.

ಡಿಟಿಪಿ ಅಂಗಡಿಯವರು, ದಾವಣಗೆರೆ

ಎಲ್ಲವನ್ನೂ ಎರಡೆರಡು ಸಲ ಓದಿದೆ. ನನಗೆ ಪ್ರೋಗ್ರಾಮ್ ಬರೆಯಲು ಬರುವುದಿಲ್ಲ, ಡಾಲರು ಕಳಿಸುವಷ್ಟು ಆದಾಯವೂ ಇಲ್ಲ. ಯಾರು ಎಷ್ಟೇ ಒಳ್ಳೆಯ ತಂತ್ರಾಂಶ ಮಾಡಿದರೂ ಅದರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರದಿದ್ದರೆ ನನ್ನ ಗಿರಾಕಿ ಲಗ್ನಪತ್ರಿಕೆಯನ್ನು ಮುಖಕ್ಕೆ ಎಸೆಯುತ್ತಾನೆ. ಕನ್ನಡ ಬಾರದ ಆ ಹೊರದೇಶದವರಿಗೆ ನಮ್ಮ ಒತ್ತಕ್ಷರದ ಗೊಡವೆ ಏಕೆ ಬೇಕು?

ಗಣಕ ವಿಜ್ಞಾನ ಉಪನ್ಯಾಸಕಿ, ದಾವಣಗೆರೆ

ಸರ್, ನೀವು ಕೇಳಿದ್ದು ಈ ಚರ್ಚೆಯ ಕೇಂದ್ರದ ಪ್ರಶ್ನೆ. ಇದಕ್ಕೆ ನಿಮಗೆ ಬೇಕಾದ ಸ್ಕ್ರೈಬಸ್‌ನಲ್ಲೇ ಉತ್ತರವಿದೆ.

ಸ್ಕ್ರೈಬಸ್‌ನ ಹಳೆಯ 1.4 ಸರಣಿಯಲ್ಲಿ ಭಾರತೀಯ ಲಿಪಿಗಳ ಅಕ್ಷರಜೋಡಣೆ ಆಗುತ್ತಿರಲಿಲ್ಲ. ವ್ಯಂಜನ, ವಿರಾಮ (ಅ ಸ್ವರ ತೆಗೆಯುವ ಗುರುತು), ವ್ಯಂಜನ ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಅದನ್ನು ಸರಿಪಡಿಸಲು ಮುಖ್ಯವಾಗಿ ಮುಂದೆ ಬಂದವರು ಒಮಾನ್ ದೇಶದ ಮುಕ್ತ ತಂತ್ರಾಂಶ ತಂಡದವರು. ಅವರಿಗೆ ಬೇಕಿದ್ದದ್ದು ಅರಬ್ಬಿ. ಅಕ್ಷರಗಳು ಕೂಡಿಕೊಳ್ಳುವ ಲಿಪಿಗೆಲ್ಲ ಹಾರ್ಫ್‌ಬಜ್ ಎಂಬ ಸಾಮಾನ್ಯ ಯಂತ್ರವನ್ನು ಒಳಗೆ ಕೂರಿಸುವುದೇ ದಾರಿ ಎಂದು ಕಂಡದ್ದರಿಂದ, 2017ರ 1.5.3 ಆವೃತ್ತಿಯಲ್ಲಿ ಅರಬ್ಬಿಯ ಜೊತೆಗೆ ಕನ್ನಡವೂ ಒಳಬಂತು. 2024ರ ಆರಂಭದಲ್ಲಿ ಬಂದ 1.6ರಲ್ಲಿ ಅದು ಸ್ಥಿರ ಆವೃತ್ತಿಯ ಭಾಗವಾಗಿದೆ. ಲಿಬ್ರೆಆಫೀಸ್ ಕೂಡ 2017ರಲ್ಲೇ ಎಲ್ಲ ಗಣಕಗಳಲ್ಲೂ ಇದೇ ಹಾರ್ಫ್‌ಬಜ್ ಅನ್ನು ಬಳಸತೊಡಗಿತು. ಹಾರ್ಫ್‌ಬಜ್ ಎಂಬುದು ಪಾರ್ಸಿ ಮಾತು. ಅದನ್ನು ಮುನ್ನಡೆಸಿದ ಬೆಹ್ದಾದ್ ಇಸ್ಫಹಬೋದ್ ಇರಾನ್ ಮೂಲದವರು. ಆಂಡ್ರಾಯ್ಡ್ ಫೋನಿನಲ್ಲಿ ನೀವು ಈ ಸಾಲನ್ನು ಓದುತ್ತಿದ್ದರೆ, ಇದರ ಒತ್ತಕ್ಷರಗಳನ್ನು ಕೂರಿಸಿದ್ದು ಅದೇ.

ಹಂಗೇರಿಯವರದೂ ಇಂಥದೇ ಉಪಕಾರ. ಲಿಬ್ರೆಆಫೀಸ್ ಮತ್ತು ಫೈರ್‌ಫಾಕ್ಸ್‌ನಲ್ಲಿ ಕಾಗುಣಿತ ತಿದ್ದುವ ಹನ್‌ಸ್ಪೆಲ್ ಹುಟ್ಟಿದ್ದು ಹಂಗೇರಿಯನ್ ಭಾಷೆಗಾಗಿ. ಅವರ ಭಾಷೆಯಲ್ಲೂ ನಮ್ಮಂತೆಯೇ ಪದಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ ಅಂಟುತ್ತದೆ. ಮನೆ, ಮನೆಯಿಂದ, ಮನೆಗಳಿಂದಲೂ, ಮನೆಯವರೊಂದಿಗೆ ಎಂದು ಎಲ್ಲ ರೂಪಗಳನ್ನೂ ಪಟ್ಟಿ ಮಾಡುವುದು ಆಗದ ಕೆಲಸವಾದ್ದರಿಂದ, ಪ್ರತ್ಯಯಗಳ ನಿಯಮಗಳನ್ನು ಬರೆದಿಡಲು ಅದರಲ್ಲಿ ಅನುಕೂಲವಿದೆ. ಯಂತ್ರ ಅವರು ಕೊಟ್ಟರು. ಆದರೆ ಕನ್ನಡದ ನಿಯಮಗಳನ್ನು ಹಂಗೇರಿಯವರು ಬರೆಯಲಾರರು. ಗ್ನೋಮ್‌ನಂಥ ಡೆಸ್ಕ್‌ಟಾಪ್ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತರುವಾಗ ಹೊಸ ವಾಕ್ಯಗಳು ಸೇರುತ್ತವೆ. ಆ ಭಾಷೆಯ ಅನುವಾದಕರು ಎರಡು ವರ್ಷ ಸುಮ್ಮನಿದ್ದರೆ ಯಾರೂ ಏನನ್ನೂ ಅಳಿಸದೆಯೇ ಪರದೆ ಅಲ್ಲಲ್ಲಿ ಇಂಗ್ಲಿಷ್‌ಗೆ ತಿರುಗಿರುತ್ತದೆ. ತಂತ್ರಾಂಶ ಬದುಕಿದ್ದೂ ಅದರೊಳಗಿನ ಕನ್ನಡ ಸಾಯುವುದು ಹೀಗೆ.

ಇನ್ನು ನಿಮ್ಮ ಮೊದಲ ಪ್ರಶ್ನೆ, ಏನನ್ನು ನೋಡಬೇಕು ಎಂಬುದು. ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂಬ ಸಂಖ್ಯೆಯನ್ನು ನಂಬಬೇಡಿ. ಅದರ ದೋಷಪಟ್ಟಿಯನ್ನು ತೆರೆಯಿರಿ. ಕಳೆದ ಮೂರು ತಿಂಗಳಲ್ಲಿ ಬಂದ ದೂರುಗಳಿಗೆ ಉತ್ತರ ಬಂದಿದೆಯೇ, ಉತ್ತರಿಸುವವರು ಒಬ್ಬರೋ ನಾಲ್ವರೋ, ಹೊಸಬರ ಮೊದಲ ಪ್ರಶ್ನೆಗೆ ಸಿಕ್ಕ ಮಾತು ಎಂಥದು ಎಂದು ನೋಡಿ. ಸಿಡುಕುವ ಯೋಜನೆಗೆ ಹೊಸಬರು ಎರಡನೇ ಸಲ ಬರುವುದಿಲ್ಲ. ಒತ್ತಕ್ಷರ ತಪ್ಪಿರುವುದನ್ನು ಕಣ್ಣಾರೆ ಕಂಡು ಹೇಳುವುದಂತೂ ನಿಮ್ಮಂಥವರಿಂದ ಮಾತ್ರ ಆಗುವ ಕೆಲಸ. ಇಪ್ಪತ್ತೆರಡು ವರ್ಷ ಕರಡು ತಿದ್ದಿದ ಕಣ್ಣು ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರಿಗೂ ಇಲ್ಲ.

ಡಿಟಿಪಿ ಅಂಗಡಿಯವರು, ದಾವಣಗೆರೆ

ಮೇಡಂ, ನೀವು ಹೇಳಿದಂತೆ ಎರಡು ಭಾನುವಾರ ಕುಳಿತು ಸ್ಕ್ರೈಬಸ್ 1.6ರಲ್ಲಿ ಪರೀಕ್ಷಾ ಪುಟವೊಂದನ್ನು ಮಾಡಿದೆ. ಸ್ತ್ರೀ, ರಾಷ್ಟ್ರ, ಜ್ಯೋತ್ಸ್ನಾ, ಕಾರ್ಯಕ್ರಮ, ಲಕ್ಷ್ಮೀ, ರ‍್ಯಾಂಕ್ ಹೀಗೆ ಅಂಗಡಿಯಲ್ಲಿ ದಿನವೂ ಬರುವ ಮುನ್ನೂರು ಪದಗಳನ್ನು ನಾಲ್ಕು ಮುಕ್ತ ಫಾಂಟುಗಳಲ್ಲಿ ಜೋಡಿಸಿದೆ. ಮೂರು ಫಾಂಟುಗಳಲ್ಲಿ ನನಗೆ ದೂರಿಲ್ಲ. ನಾಲ್ಕನೆಯದು ಲಗ್ನಪತ್ರಿಕೆಗೆ ಹೇಳಿ ಮಾಡಿಸಿದಷ್ಟು ಚೆಂದ, ಆದರೆ ಅದರಲ್ಲಿ ‘ರ‍್ಯಾಂಕ್’ ಎಂದು ಹೊಡೆದರೆ ಯಕಾರದ ಒತ್ತು ಬರುವ ಬದಲು ಅರ್ಕಾವತ್ತೇ ಬರುತ್ತದೆ. ಇನ್ನು ಮೂರು ಒತ್ತು ಒಟ್ಟಿಗೆ ಬಂದಾಗ ಕೆಳಗಿನದು ಮುಂದಿನ ಸಾಲಿನ ತಲೆಗೆ ತಾಗುತ್ತದೆ. ಇದು ಸ್ಕ್ರೈಬಸ್‌ನ ತಪ್ಪೋ ಫಾಂಟಿನ ತಪ್ಪೋ ತಿಳಿಯಲಿಲ್ಲ.

ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಅಂಕಲ್, ನೀವು ಹಾಕಿದ ಪುಟವನ್ನು ಇಳಿಸಿಕೊಂಡು ನೋಡಿದೆ. ಅದೇ ಪದಗಳನ್ನು ಅದೇ ಫಾಂಟಿನಲ್ಲಿ ಲಿಬ್ರೆಆಫೀಸ್‌ನಲ್ಲಿಯೂ ಫೈರ್‌ಫಾಕ್ಸ್‌ನಲ್ಲಿಯೂ ತೆರೆದೆ. ಎರಡರಲ್ಲೂ ಅದೇ ತಪ್ಪು ಕಾಣುತ್ತದೆ. ಬೇರೆ ಮೂರು ಫಾಂಟುಗಳಲ್ಲಿ ಎಲ್ಲ ಕಡೆಯೂ ಸರಿಯಾಗಿದೆ. ಆದ್ದರಿಂದ ತಪ್ಪು ಫಾಂಟಿನ ಒಳಗಿನ ಅಕ್ಷರ ಬದಲಾವಣೆಯ ನಿಯಮದಲ್ಲಿದೆ. ಅದರ ಆಕರ ತೆರೆದೇ ಇದೆ, ಕೊನೆಯ ಬದಲಾವಣೆ ಆಗಿ ಆರು ವರ್ಷವಾಗಿದೆ. ನಿಮ್ಮ ಮುನ್ನೂರು ಪದಗಳಲ್ಲಿ ತಪ್ಪಿರುವ ಹದಿನಾಲ್ಕನ್ನು ಮಾತ್ರ ಬೇರ್ಪಡಿಸಿ, ಹೇಗೆ ಕಾಣುತ್ತಿದೆ, ಹೇಗೆ ಕಾಣಬೇಕು ಎಂಬ ಚಿತ್ರಗಳ ಸಮೇತ ಅಲ್ಲಿ ದೂರು ದಾಖಲಿಸಿದ್ದೇನೆ. ಫಾಂಟ್ ತಿದ್ದುವ ತಂತ್ರಾಂಶವಾದ ಫಾಂಟ್‌ಫೋರ್ಜ್‌ನಲ್ಲಿ ತೆರೆದು ‘ರ‍್ಯ’ದ ನಿಯಮ ಬರೆಯಲು ಪ್ರಯತ್ನಿಸುತ್ತಿದ್ದೇನೆ, ಇನ್ನೂ ಕೈಗೆ ಹತ್ತಿಲ್ಲ.

ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ (ಹತ್ತೊಂಬತ್ತು ದಿನಗಳ ನಂತರ)

ಫಾಂಟ್ ಮಾಡಿದವರಿಂದ ಉತ್ತರ ಬಂದಿದೆ. ಕೆಲಸ ಬದಲಾಯಿಸಿದ ಮೇಲೆ ಅದನ್ನು ಮುಟ್ಟಿಯೇ ಇಲ್ಲವೆಂದೂ, ಯಾರಾದರೂ ಬಳಸುತ್ತಿದ್ದಾರೆಂಬುದೇ ತಮಗೆ ತಿಳಿದಿರಲಿಲ್ಲವೆಂದೂ ಬರೆದಿದ್ದಾರೆ. ‘ರ‍್ಯ’ ಸರಿಪಡಿಸುವ ಬಗೆಯನ್ನು ಎರಡು ಸಾಲಿನಲ್ಲಿ ತೋರಿಸಿಕೊಟ್ಟರು. ಅದು ಈಗ ನನ್ನ ಗಣಕದಲ್ಲಿ ಸರಿಯಾಗಿ ಬರುತ್ತಿದೆ. ಮೂರು ಒತ್ತಿನ ಎತ್ತರದ ಸಮಸ್ಯೆಗೆ ಪ್ರತಿಯೊಂದು ಜೋಡಿಯನ್ನೂ ಕಾಗದದ ಮೇಲೆ ಮುದ್ರಿಸಿ ಅಳೆದು ನೋಡಬೇಕಂತೆ, ತಮಗೆ ಬಿಡುವಿಲ್ಲವಂತೆ. ದಾವಣಗೆರೆಯಲ್ಲಿ ಇಬ್ಬರು ಮೂವರು ಸೇರಿ ನೋಡಿಕೊಳ್ಳುವುದಾದರೆ ಬದಲಾವಣೆ ಸೇರಿಸುವ ಅಧಿಕಾರವನ್ನು ಕೊಡುತ್ತೇನೆ, ಆದರೆ ಮೊದಲು ಕೆಲವು ತಿಂಗಳು ನಿಮ್ಮ ತಿದ್ದುಪಡಿಗಳನ್ನು ನಾನೇ ಪರಿಶೀಲಿಸುತ್ತೇನೆ ಎಂದಿದ್ದಾರೆ. ಎಕ್ಸ್‌ಜೆಡ್ ಕಥೆ ಕೇಳಿದ ಮೇಲೆ ಈ ಷರತ್ತು ನ್ಯಾಯವೆನಿಸಿತು. ನಾನು ಮತ್ತು ನನ್ನ ಗೆಳತಿ ಸಿದ್ಧರಿದ್ದೇವೆ. ಅಳೆಯಲು ಒಳ್ಳೆಯ ಪ್ರಿಂಟರ್ ಬೇಕು.

ಡಿಟಿಪಿ ಅಂಗಡಿಯವರು, ದಾವಣಗೆರೆ

ಪ್ರಿಂಟರ್ ಅಂಗಡಿಯಲ್ಲಿದೆ, ಕಾಗದ ನನ್ನದು. ಭಾನುವಾರ ಮಧ್ಯಾಹ್ನ ಮೂರರ ಮೇಲೆ ಗಿರಾಕಿಗಳು ಇರುವುದಿಲ್ಲ, ಆಗ ಬನ್ನಿ. ಪ್ಲಗ್ ಪಾಯಿಂಟ್ ಎರಡೇ ಇರುವುದರಿಂದ ಬರುವಾಗ ಎಕ್ಸ್‌ಟೆನ್ಶನ್ ಬೋರ್ಡು ಹಿಡಿದು ಬನ್ನಿ.